ಕಳೆಯದ ಓಲೆ ಹುಡುಕಿದ್ದು

ನನ್ನ ಮಗಳಿಗೆ ಮೂರು ವರ್ಷ ತುಂಬಿದ ಮೇಲೂ ಎರಡು ಕಾಲು ಒಟ್ಟಿಗೆ ಎತ್ತಿ ಹಾರಲು ಬರುತ್ತಿರಲಿಲ್ಲ. ಬೇರೆ ಯಾರ ಮಗಳಾಗಿದ್ದರೂ ಇದು ಊರಿನವರ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ. ಆದರೆ ನಾನು ಹೊಸನಗರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಓದುವಾಗ ಖೋ ಖೋ ಆಡಿ ರಾಜ್ಯಮಟ್ಟದವರೆಗೆ ಹೋದವಳು. ತರಕಾರಿ ಅಂಗಡಿಯವರಿಂದ ಹಿಡಿದು ಬಸ್ಸಿನ ಕಂಡಕ್ಟರ್ ತನಕ ಎಲ್ಲರಿಗೂ ನಾನು ಪಿಟಿ ಮೇಡಂ. ಅಂಗನವಾಡಿಯಲ್ಲಿ ಮಕ್ಕಳೆಲ್ಲ ಕಪ್ಪೆಯ ಹಾಗೆ ಕುಪ್ಪಳಿಸುವಾಗ ನನ್ನ ಮಗಳು ಗೋಡೆ ಹಿಡಿದು ನಿಂತಿರುತ್ತಿದ್ದಳು. ಮಂಡಿ ಬಗ್ಗಿಸುತ್ತಿದ್ದಳು, ಕೈ ಬೀಸುತ್ತಿದ್ದಳು, ಮುಖವನ್ನು ಬಿಗಿ ಮಾಡಿಕೊಳ್ಳುತ್ತಿದ್ದಳು, ಪಾದ ಮಾತ್ರ ನೆಲ ಬಿಡುತ್ತಿರಲಿಲ್ಲ. ಕರೆದುಕೊಂಡು ಬರಲು ಹೋದ ನನ್ನನ್ನು ಇತರ ತಾಯಂದಿರು ನೋಡಿ ನಗುತ್ತಿದ್ದರು. ಕೆಟ್ಟ ನಗುವೇನೂ ಅಲ್ಲ. ಆದರೂ ನಾನು ಬಾಗಿಲಲ್ಲಿ ನಿಲ್ಲದೆ, ಆಚೆ ರಸ್ತೆಯಲ್ಲೇ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆಯಲು ಶುರುಮಾಡಿದೆ.

ಅವಳು ದಿನ ತುಂಬುವ ಮೊದಲೇ ಹುಟ್ಟಿದವಳು. ಕೆಲವು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು. ಅಂಗೈಯಗಲದ ಬೆನ್ನು. ನಮ್ಮತ್ತೆ ಅವಳನ್ನು ಎತ್ತಿಕೊಂಡವರು ಮತ್ತೆ ಕೆಳಗೆ ಇಳಿಸಲೇ ಇಲ್ಲ ಎಂದರೂ ಸರಿ. ಹೊಸನಗರದ ಸಿಮೆಂಟ್ ನೆಲ ಮಳೆಗಾಲದಲ್ಲಿ ಬೆವರುತ್ತದೆ. "ನೆಲ ತಂಡಿ, ಮಗೂನ ಬಿಡ್ಬೇಡ" ಎನ್ನುವುದು ಅವರ ಮಂತ್ರವಾಗಿತ್ತು. ನನ್ನ ರಜೆ ಮುಗಿದು ಶಾಲೆಗೆ ಹೋಗತೊಡಗಿದ ಮೇಲೆ ಮಗಳು ಇಡೀ ದಿನ ಅಜ್ಜಿಯ ಸೊಂಟದ ಮೇಲೆ. ಅವರು ಅಡುಗೆ ಮಾಡಿದ್ದು, ಬಟ್ಟೆ ಮಡಚಿದ್ದು, ಪಕ್ಕದ ಮನೆಗೆ ಹೋಗಿದ್ದು, ಎಲ್ಲವೂ ಅವಳನ್ನು ಎತ್ತಿಕೊಂಡೇ. ಅವಳು ಅಂಬೆಗಾಲು ಇಡಲೇ ಇಲ್ಲ. ಒಂದು ದಿನ ಸೋಫಾ ಹಿಡಿದು ಎದ್ದು ನಿಂತು, ಗೋಡೆಗುಂಟ ನಡೆದುಬಿಟ್ಟಳು. ಆಗ ನಮಗೆಷ್ಟು ಹೆಮ್ಮೆ! ನನ್ನ ಗಂಡ ತನ್ನ ಸ್ಕೂಟರ್ ಬಿಡಿಭಾಗಗಳ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. "ನಮ್ಮ ಪುಟ್ಟಿ ಅಂಬೆಗಾಲು ಇಡದೇನೇ ಸೀದಾ ನಡೆದುಬಿಟ್ಲು ಮಾರಾಯ." ನಾನೂ ಸ್ಟಾಫ್ ರೂಮಿನಲ್ಲಿ ಹಾಗೇ ಹೇಳಿದ್ದೆ. ಅಮ್ಮನ ರಕ್ತ ಎಂದು ಯಾರೋ ಅಂದಾಗ ಬೇಡವೆನ್ನಲಿಲ್ಲ.

ಆಮೇಲೆ ಒಂದೊಂದಾಗಿ ಕಾಣತೊಡಗಿತು. ಬರಿಗಾಲನ್ನು ಹುಲ್ಲಿಗೆ ತಾಗಿಸಿದರೆ ಕಾಲು ಮೇಲೆ ಎಳೆದುಕೊಂಡು ಚೀರುವುದು. ಅನ್ನ ಬೆರಳಿಗೆ ಅಂಟಿದರೆ ಕೈಯನ್ನು ದೂರ ಚಾಚಿ, ಅದು ತನ್ನ ಕೈಯೇ ಅಲ್ಲ ಎನ್ನುವ ಹಾಗೆ ಮುಖ ಆಚೆ ತಿರುಗಿಸುವುದು. ಮೆಟ್ಟಿಲು ಹತ್ತುವಾಗ ಒಂದೇ ಕಾಲು ಮುಂದೆ. ಉಯ್ಯಾಲೆಯ ಮೇಲೆ ಕೂರಿಸಿದರೆ ಇಡೀ ಮೈ ಕಟ್ಟಿಗೆಯಾಗುತ್ತಿತ್ತು. ಸಮನೆಲದ ಮೇಲೂ ಸುಮ್ಮಸುಮ್ಮನೆ ಮುಗ್ಗರಿಸುತ್ತಿದ್ದಳು. ಮಾತು ಮಾತ್ರ ಚುರುಕು. ಹಾಗಾಗಿ, ಮಾತಾಡುವ ಮಗುವಿಗೆ ತೊಂದರೆ ಏನಿರಲು ಸಾಧ್ಯ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಆ ವರ್ಷ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ನನ್ನ ತವರು ಮಂಡಗದ್ದೆಯ ಹತ್ತಿರ. ಆ ಕಡೆಯ ನೆಂಟರೆಲ್ಲ ಸೇರಿದ್ದರು. ಛತ್ರದ ಮುಂದೆ ಹೊಸದಾಗಿ ಬೆಳೆಸಿದ ಹುಲ್ಲುಹಾಸು, ಅದರ ಮೇಲೆ ಮಕ್ಕಳ ದಂಡು. ನನ್ನ ಮಗಳು ಸಿಮೆಂಟಿನ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ನನ್ನ ಸೋದರಮಾವ ತಮಾಷೆಯ ಮನುಷ್ಯ. ಅವಳನ್ನು ಕಂಕುಳಲ್ಲಿ ಹಿಡಿದು ಎತ್ತಿ, ಅವಳ ಚಪ್ಪಲಿ ಕಳಚಿ, "ಪಿಟಿ ಟೀಚರ್ ಮಗಳಿಗೆ ಹುಲ್ಲು ಕಚ್ತದನೇ? ನಿಲ್ಲು ನೋಡಣ" ಎಂದು ಹುಲ್ಲಿನ ಮೇಲೆ ಇಳಿಸಲು ಹೋದರು. ಅವಳು ಎರಡೂ ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು ಅವರ ಕೈಯಲ್ಲಿ ನೇತಾಡಿದಳು. ಇಳಿಸಿದರೆ ಮೇಲೆ, ಇಳಿಸಿದರೆ ಮೇಲೆ. ಸುತ್ತ ನಿಂತವರು ನಕ್ಕರು. ಮಾವ ಮತ್ತೂ ಹುರುಪಿನಿಂದ ಕೆಳಗೆ ಬಿಟ್ಟರು. ಅವಳು ಬೆರಳ ತುದಿಯಲ್ಲಿ ನಿಂತು ಎಂಥ ಕಿರುಚು ಕಿರುಚಿದಳೆಂದರೆ, ವಾಲಗದವರು ಒಳಗಿನಿಂದ ತಿರುಗಿ ನೋಡಿದರು.

ನಾನೂ ನಕ್ಕಿದ್ದೆ. ಎಲ್ಲರೂ ನಗುತ್ತಿರುವಾಗ ನಗದಿದ್ದರೆ ಇದು ತಮಾಷೆಯಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ. ಓಡಿಹೋಗಿ ಅವಳನ್ನು ಎತ್ತಿಕೊಂಡು, ಕಿವಿಯಲ್ಲಿ, "ಅಳ್ಬೇಡ ಪುಟ್ಟಿ, ಎಲ್ಲರೂ ನೋಡ್ತಾರೆ" ಅಂದೆ. ಅವಳು ಬಿಕ್ಕುತ್ತಲೇ ಬಾಯಿ ಮುಚ್ಚಿಕೊಂಡಳು. ಊಟದ ಪಂಕ್ತಿಯಲ್ಲಿ ಪಾಯಸ ಅವಳ ಮುಂಗೈ ಮೇಲೆ ಬಿದ್ದಾಗಲೂ ನಾನು ಅದೇ ಮಾತು ಹೇಳಿದೆ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಮೆಲ್ಲಗೆ, "ಎಂತಾರು ತೊಂದ್ರೆ ಇದ್ಯನೇ ಮಗೂಗೆ? ಎಲ್ಲಾದ್ರೂ ತೋರ್ಸಿದ್ಯಾ?" ಎಂದು ಕೇಳಿದರು. "ನಿದ್ದೆ ಆಗಿಲ್ಲ ದೊಡ್ಡಮ್ಮ, ಅದಕ್ಕೇ ಕಿರಿಕಿರಿ" ಎಂದೆ. ಅವರು ನನ್ನ ಬೆನ್ನು ಸವರಿದರು. ಆ ಸವರಿಕೆ ಮಾವನ ತಮಾಷೆಗಿಂತ ಹೆಚ್ಚು ಸುಟ್ಟಿತು.

ಮನೆಗೆ ಬರುವಾಗ ದಾರಿಯಲ್ಲಿ ನನ್ನ ಗಂಡ, "ಒಂದ್ಸಲ ಡಾಕ್ಟ್ರಿಗೆ ತೋರ್ಸಣ" ಎಂದರು.

"ಎಂತ ಅಂತ ತೋರ್ಸೋದು? ಪಿಟಿ ಟೀಚರ್ ಮಗಳಿಗೆ ಹಾರಕ್ಕೆ ಬರಲ್ಲ ಅಂತಾನಾ?"

"ಹೌದು, ಹಂಗೇ ಹೇಳಣ. ಅದ್ರಲ್ಲಿ ಎಂತ ಅದೆ?"

ಅವರಿಗೆ ನಿಜಕ್ಕೂ ಅದರಲ್ಲೇನೂ ಇರಲಿಲ್ಲ. ನಾನು ಕಿಟಕಿ ಕಡೆ ತಿರುಗಿ ಕೂತೆ.

ತೀರ್ಥಹಳ್ಳಿಯ ಮಕ್ಕಳ ಡಾಕ್ಟರು ಅವಳ ಕಾಲು, ಬೆನ್ನು, ಕಣ್ಣು, ಕಿವಿ ಎಲ್ಲ ನೋಡಿದರು. ಮೂಳೆಯಲ್ಲಿ ದೋಷವಿಲ್ಲ, ಔಷಧಿ ಬೇಡ ಎಂದರು. ಸಾಗರದಲ್ಲಿ ಇಂಥ ಮಕ್ಕಳಿಗೆ ಆಟದ ಮೂಲಕ ತರಬೇತಿ ಕೊಡುವ ಥೆರಪಿಸ್ಟ್ ಒಬ್ಬರಿದ್ದಾರೆ, ವಾರಕ್ಕೊಮ್ಮೆ ಕರೆದುಕೊಂಡು ಹೋಗಿ ಎಂದರು. ಮನೆಯಲ್ಲಿ ಈ ಮಾತು ಹೇಳಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಅಂದ್ರೆ ನಾನು ಸಾಕಿದ್ದು ಸರಿಯಿಲ್ಲ ಅಂತಾಯ್ತು."

"ಹಂಗೆ ಯಾರೂ ಹೇಳಿಲ್ಲ ಅತ್ತೆ."

"ಹೇಳ್ತಾರೆ, ನೋಡ್ತಿರು. ಅಲ್ಲಿ ಹೋದ ಕೂಡ್ಲೇ ಕೇಳೋದೇ ಅದು, ಮನೇಲಿ ಯಾರು ನೋಡ್ಕೊಳ್ಳೋದು ಅಂತ."

ಸಾಗರದ ಥೆರಪಿಸ್ಟ್ ನನಗಿಂತ ಚಿಕ್ಕವರು. ಹಳೆಯ ಮನೆಯೊಂದರ ಹಿಂದಿನ ಕೋಣೆಯಲ್ಲಿ ದಪ್ಪ ಹಾಸಿಗೆಗಳು, ಜಂತಿಯಿಂದ ಇಳಿಬಿಟ್ಟ ಬಟ್ಟೆಯ ಜೋಲಿ, ತಟ್ಟೆಗಳಲ್ಲಿ ರಾಗಿ, ಹುಣಸೆ ಬೀಜ, ಒದ್ದೆ ಮರಳು. ಅವರು ನೆಲದ ಮೇಲೆ ಕೂತು ಮಗಳ ಜೊತೆ ಮಾತಾಡುತ್ತ ನಮ್ಮನ್ನೂ ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿದರು. ಆಮೇಲೆ ನನ್ನನ್ನು, "ನೀವು ಎಂತ ಕೆಲಸ ಮಾಡ್ತೀರಿ?" ಎಂದರು.

"ಟೀಚರ್. ಹೈಸ್ಕೂಲು."

"ಹೌದಾ! ಯಾವ ಸಬ್ಜೆಕ್ಟ್ ಮೇಡಂ?"

"ಕನ್ನಡ" ಅಂದುಬಿಟ್ಟೆ.

ನನ್ನ ಗಂಡ ನನ್ನ ಕಡೆ ಒಮ್ಮೆ ನೋಡಿದರು. ಹೊರಗೆ ಬಂದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ, "ಯಾವಾಗಿಂದ?" ಎಂದು ಕೇಳಿದರು. ಕಿವಿ ಕಾದುಹೋದವು.

ಅವತ್ತು ಆಕೆ ನನಗೆ ಕಣ್ಣು ಮುಚ್ಚಲು ಹೇಳಿದ್ದರು. "ನಿಮ್ಮ ಬಲಗೈ ಈಗ ಎಲ್ಲಿದೆ ಹೇಳಿ." ತೊಡೆಯ ಮೇಲೆ ಎಂದೆ. "ನೋಡದೆ ಹೆಂಗೆ ಗೊತ್ತಾಯ್ತು? ಕೀಲು, ಸ್ನಾಯು ಸುದ್ದಿ ಕಳಿಸ್ತಾವೆ. ಕಿವಿಯ ಒಳಗೂ ಒಂದು ಇದೆ, ತಲೆ ಯಾವ ಕಡೆ ವಾಲಿದೆ ಅಂತ ಹೇಳೋದು. ಮಗು ಉರುಳಿ, ತೆವಳಿ, ಬಿದ್ದು, ಎದ್ದು ಮಾಡ್ತಾ ಮಾಡ್ತಾನೇ ಮೆದುಳು ಈ ಸುದ್ದಿ ಓದೋದು ಕಲಿಯೋದು. ಆಮೇಲೆ ಹಾರೋದು, ಪೆನ್ಸಿಲ್ ಹಿಡಿಯೋದು, ಒಂದು ಕಡೆ ಕೂತು ಕೇಳೋದು, ಎಲ್ಲಾ ಅದ್ರ ಮೇಲೇ ನಿಲ್ಲೋದು. ಪುಟ್ಟಿಗೆ ಕೀಲಿನ ಸುದ್ದಿ ಸಣ್ಣಗೆ ಕೇಳ್ತಿದೆ. ಚರ್ಮದ್ದು ಮಾತ್ರ ಮೈಕ್ ಹಾಕಿದ ಹಂಗೆ ಕೇಳ್ತಿದೆ. ಹುಲ್ಲು ನಮಗೆ ಹುಲ್ಲು. ಅವಳಿಗೆ ಅದು ಗಲಾಟೆ."

ಅಜ್ಜಿ ಸದಾ ಎತ್ತಿಕೊಂಡದ್ದಕ್ಕೆ ಹೀಗಾಯಿತೇ ಎಂದು ನಾನೇ ಕೇಳಿದೆ. ಆಕೆ ತಲೆಯಾಡಿಸಿದರು. "ಒಬ್ಬರ ಮೇಲೆ ಹಾಕೋದು ಬೇಡ. ಬೇಗ ಹುಟ್ಟಿದ ಕೆಲವು ಮಕ್ಕಳಲ್ಲಿ ಇದು ಕಾಣ್ತದೆ. ನೆಲದ ಮೇಲೆ ಆಡಿದ್ದು ಕಮ್ಮಿ ಆಗಿದೆ ಅಷ್ಟೇ, ಈಗ ಆಡಿಸೋಣ. ಒತ್ತಾಯ ಮಾತ್ರ ಬೇಡ, ಅವಳು ಬೇಡ ಅಂದಲ್ಲಿಗೆ ನಿಲ್ಲಿಸಿ. ಮೊದ್ಲು ನೀವು ನೆಲಕ್ಕೆ ಇಳೀರಿ. ಅಮ್ಮ ಅಂಬೆಗಾಲಿಡೋದು ನೋಡಿದ್ರೆ ಮಗು ತಾನೂ ಇಡ್ತದೆ."

ಇದರಲ್ಲಿ ಅರ್ಧ ನಾನು ತರಬೇತಿ ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದದ್ದೇ. ಸಮತೋಲನ, ಸ್ನಾಯು ಸಂವೇದನೆ ಎಂದು ಬೋರ್ಡಿನ ಮೇಲೂ ಬರೆದಿದ್ದೇನೆ. ಕನ್ನಡ ಮೇಡಂ ಆಗಿ ಕೂತಿದ್ದರಿಂದ ಏನೂ ತಿಳಿಯದವಳಂತೆ ತಲೆ ಆಡಿಸುತ್ತ ಕೇಳಬೇಕಾಯಿತು.

ಮುಂದಿನ ವಾರಗಳಲ್ಲಿ ಒಂದು ದಿನ ಆ ಕೋಣೆಯಲ್ಲಿ ಇನ್ನೊಂದು ಮಗುವೂ ಇತ್ತು. ಥೆರಪಿಸ್ಟ್ ರಾಗಿಯ ತಟ್ಟೆಯೊಳಗೆ ಒಂದು ಮರದ ಆನೆಯನ್ನು ಹುದುಗಿಸಿ, "ಆನೆ ಎಲ್ಲಿ ಹೋಯ್ತು ಪುಟ್ಟಿ?" ಎಂದರು. ಆ ಮಗು ಮಣಿಕಟ್ಟಿನವರೆಗೆ ಕೈ ಇಳಿಸಿತು. ನನ್ನ ಮಗಳು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಬೇಡ್ವಾ? ಸೈ, ಬೇಡ ಬಿಡು. ಆದ್ರೆ ಯಾಕೆ ಬೇಡ?"

"ಎಲ್ಲರೂ ನೋಡ್ತಾರೆ" ಎಂದಳು.

ಥೆರಪಿಸ್ಟ್ ಕೋಣೆಯ ಸುತ್ತ ನೋಡಿದರು. ನಾನು, ಅವರು, ಆ ಮಗು, ಅದರ ಅಪ್ಪ. "ಯಾರು ನೋಡ್ತಾರೆ?" ಎಂದು ಕೇಳಿದರು. ನಾನು ಗೋಡೆಯ ಮೇಲೆ ಅಂಟಿಸಿದ್ದ ಹಣ್ಣಿನ ಚಿತ್ರಗಳನ್ನು ನೋಡುತ್ತ ಕೂತೆ. ಮಾವಿನಹಣ್ಣು, ಅನಾನಸು, ಪಪ್ಪಾಯಿ. ಅಷ್ಟು ಶ್ರದ್ಧೆಯಿಂದ ನಾನು ಹಣ್ಣುಗಳನ್ನು ಎಂದೂ ನೋಡಿಲ್ಲ. ಮೂರು ವರ್ಷದ ಮಗುವಿಗೆ ಕುಪ್ಪಳಿಸಲು ಕಲಿಸಲಾಗದ ನಾನು ಅಷ್ಟರಲ್ಲಿ ಅವಳಿಗೆ ನಾಚಿಕೆಪಡುವುದನ್ನು ಕಲಿಸಿ ಮುಗಿಸಿದ್ದೆ.

ಅಂದು ಸಂಜೆಯೇ ಮನೆಯ ನಡುಕೋಣೆಯಲ್ಲಿ ಅಂಬೆಗಾಲಿಟ್ಟೆ. ಕಿಟಕಿಯ ಪರದೆ ಎಳೆದುಕೊಂಡು, ಬಾಗಿಲ ಚಿಲಕ ಹಾಕಿಕೊಂಡು. ಮಗಳು ಸೋಫಾದ ಮೇಲೆ ಕೂತು ನೋಡಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸೊಂಟ ಉಳುಕೀತು, ನಿಧಾನ" ಎಂದರು. ಆದರೆ ಮರುದಿನ ಬೆಳಿಗ್ಗೆ ಕಡುಬಿಗೆ ಅಕ್ಕಿಹಿಟ್ಟು ಬೇಯಿಸಿ ಆರಿಸಿದಾಗ ಅವರೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಉಂಡೆಯನ್ನು ಬಾಳೆಲೆಯ ತುಂಡಿನ ಮೇಲೆ ಅವಳ ಮುಂದಿಟ್ಟರು. ಮುಟ್ಟು ಎನ್ನಲಿಲ್ಲ. ತಮ್ಮ ಪಾಡಿಗೆ ಕಡುಬು ಕಟ್ಟುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವಳು ತೋರುಬೆರಳಿನಿಂದ ಉಂಡೆಗೆ ಒಂದು ಕುಳಿ ಮಾಡಿದಳು. ಬೆರಳಿಗೆ ಹಿಟ್ಟು ಅಂಟಿತು. ಒರೆಸಲು ಅತ್ತೆಯ ಕೈ ತಾನಾಗಿಯೇ ಸೆರಗಿಗೆ ಹೋಯಿತು, ಅಲ್ಲೇ ನಿಂತಿತು. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವರು ಮುಖ ಆಚೆ ಮಾಡಿಕೊಂಡರು. ಅವರಿಗೆ ಅದೆಷ್ಟು ಕಷ್ಟವಾಯಿತೆಂದು ನನಗೆ ಕಾಣುತ್ತಿತ್ತು.

ಮನೆಯೊಳಗಿನ ಕೆಲಸ ಹೀಗೆ ನಡೆಯಿತು. ಗೋಧಿಯ ಡಬ್ಬ ತಳ್ಳುವುದು, ತೆಂಗಿನಕಾಯಿಯನ್ನು ಎದೆಗವಚಿಕೊಂಡು ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸುವುದು, ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿ ಉರುಳಿಸುವುದು. ಸುತ್ತಿಸಿಕೊಳ್ಳುವುದು ಅವಳಿಗೆ ಬಹಳ ಇಷ್ಟವಾಯಿತು. ಹುಲ್ಲು ಮಾತ್ರ ಬಾಕಿ ಉಳಿಯಿತು. ಥೆರಪಿಸ್ಟ್ ಹೇಳಿದ್ದರು, ಹುಲ್ಲಿನ ಮೇಲೆ ಬಟ್ಟೆ ಹಾಸಿ ಅದರ ನಡುವೆ ಕೂರಿಸಿ, ಅಂಚಿನಾಚೆ ನೀವು ಆಡಿ, ಅವಳು ಬಂದರೆ ಬರಲಿ. ನಮ್ಮ ಮನೆಯ ಸುತ್ತ ಹುಲ್ಲಿಲ್ಲ, ಅಂಗಡಿ ಸಾಲು. ಊರಲ್ಲಿ ಒಳ್ಳೆಯ ಹುಲ್ಲಿರುವುದು ನಮ್ಮ ಶಾಲೆಯ ಮೈದಾನದಲ್ಲೇ.

ಮಳೆಗಾಲ ಮುಗಿದ ಒಂದು ಭಾನುವಾರ ಬೆಳಿಗ್ಗೆ, ಇಬ್ಬನಿ ಆರುವ ಮುಂಚೆ, ಮಗಳನ್ನು ಕರೆದುಕೊಂಡು ಮೈದಾನಕ್ಕೆ ಹೋದೆ. ಭಾನುವಾರ ಪ್ರಾಕ್ಟೀಸ್ ಇಲ್ಲ ಎಂದು ಹುಡುಗಿಯರಿಗೆ ಶನಿವಾರವೇ ಹೇಳಿದ್ದೆ. ಹಾಸಿಗೆ ಬಟ್ಟೆ ಹಾಸಿ ಮಗಳನ್ನು ನಡುವೆ ಕೂರಿಸಿದೆ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ಒದ್ದೆ ಹುಲ್ಲಿನ ಮೇಲೆ ನಾಲ್ಕು ಕಾಲಲ್ಲಿ ಹೊರಟೆ. ಕರಡಿಯ ಹಾಗೆ ಗುರುಗುಟ್ಟಿದೆ. ಮಗಳು ಗಂಭೀರವಾಗಿ ನೋಡುತ್ತಿದ್ದಳು.

ಎರಡು ಸುತ್ತು ಹಾಕಿರಬೇಕು. ಹಿಂದಿನಿಂದ ದನಿ ಬಂತು.

"ಮೇಡಂ?"

ತಲೆ ಎತ್ತಿದರೆ ಖೋ ಖೋ ತಂಡದ ಹುಡುಗಿಯರು. ಅರ್ಧ ತಂಡಕ್ಕಿಂತ ಹೆಚ್ಚೇ ಇದ್ದರು. ತಾಲ್ಲೂಕು ಪಂದ್ಯ ಹತ್ತಿರ ಬಂದಿತ್ತು, ತಾವಾಗಿಯೇ ಬಂದಿದ್ದಾರೆ. ನಾನು ಮಂಡಿ ಮತ್ತು ಅಂಗೈ ಊರಿದ ಸ್ಥಿತಿಯಲ್ಲೇ ಇದ್ದೆ. ಇವರ ಮುಂದೆ ನಾನು ನಿತ್ಯ ಬೆನ್ನು ನೇರ ಮಾಡಿ, ಕತ್ತಿನಲ್ಲಿ ಸೀಟಿ ಹಾಕಿಕೊಂಡು ನಿಲ್ಲುವವಳು.

"ಎಂತ ಆಯ್ತು ಮೇಡಂ?" ತಂಡದ ಕ್ಯಾಪ್ಟನ್ ಕೇಳಿದಳು.

"ಓಲೆ" ಎಂದೆ. "ಕಿವಿ ಓಲೆ ಬಿದ್ದೋಯ್ತು. ಹುಡುಕ್ತಿದೀನಿ."

"ಅಯ್ಯೋ, ಬಂಗಾರದ್ದಾ?" ಎಂದವಳೇ ಅವಳು ಕೆಳಗಿಳಿದಳು. ಹಿಂದೆಯೇ ಉಳಿದವರೂ. ನಿಮಿಷದೊಳಗೆ ಅಷ್ಟೂ ಹುಡುಗಿಯರು ಮಂಡಿಯೂರಿ, ಹುಲ್ಲು ಸೀಳಿ ಸೀಳಿ ನೋಡುತ್ತ ಮೈದಾನದ ತುಂಬ ತೆವಳತೊಡಗಿದರು. "ಆ ಕಡೆಯಿಂದ ಸಾಲಾಗಿ ಬನ್ರೇ, ಇಲ್ದಿದ್ರೆ ಸಿಗಲ್ಲ" ಎಂದು ಕ್ಯಾಪ್ಟನ್ ಆಜ್ಞೆ ಕೊಟ್ಟಳು. ಬೇಡ ಬಿಡ್ರೇ, ಹೋದರೆ ಹೋಗಲಿ ಎಂದು ಹೇಳಲು ಬಾಯಿ ತೆರೆದೆ. ಆಗ ಮಗಳು ನಕ್ಕಳು.

ಅವಳು ಬಟ್ಟೆಯ ನಡುವಿನಿಂದ ಅಂಚಿಗೆ ಜರುಗಿ ಬಂದಿದ್ದಳು. "ಅಮ್ಮಾ, ಎಲ್ಲರೂ ಕರಡಿ!" ಎಂದಳು. ಒಬ್ಬ ಹುಡುಗಿ ಅವಳ ಮುಂದೆಯೇ ತೆವಳುತ್ತ ಹೋದಳು, ಇನ್ನೊಬ್ಬಳು ಅವಳ ಹಿಂದೆ. ಮಗಳು ಒಂದು ಅಂಗೈಯನ್ನು ಅಂಚಿನಾಚೆ ಹುಲ್ಲಿನ ಮೇಲಿಟ್ಟು ತಕ್ಷಣ ಎತ್ತಿಕೊಂಡಳು. ಅಂಗೈ ನೋಡಿಕೊಂಡಳು. ಇಬ್ಬನಿ ಹತ್ತಿತ್ತು. ಫ್ರಾಕಿಗೆ ಒರೆಸಿ ಮತ್ತೆ ಇಟ್ಟಳು. ಆಮೇಲೆ ಇನ್ನೊಂದು ಕೈ. ಅವಳ ಮಂಡಿ ಬಟ್ಟೆಯಿಂದ ಇಳಿಯಿತು. ಹುಟ್ಟಿದಾಗಿನಿಂದ ಅಂಬೆಗಾಲಿಡದ ನನ್ನ ಮಗಳು, ಹಿಂಭಾಗ ಎತ್ತರಕ್ಕೆ ಎತ್ತಿಕೊಂಡು, ಬಲಗೈ ಬಲಗಾಲು ಒಟ್ಟಿಗೆ ಹಾಕುತ್ತ, ಎಡವಟ್ಟಾಗಿ ಹುಡುಗಿಯರ ಸಾಲಿನೊಳಗೆ ಸೇರಿಕೊಂಡಳು.

ಆಗ ನನಗೆ ಬಂದ ಯೋಚನೆಯನ್ನು ಹೇಗೆ ಹೇಳಲಿ. ನಿಜ ಹೇಳಿದರೆ ಇವರು ಎದ್ದುಬಿಡುತ್ತಾರೆ. ಹೇಳದಿದ್ದರೆ ಇಷ್ಟು ಹೆಣ್ಣುಮಕ್ಕಳು ನನ್ನ ಸುಳ್ಳಿಗಾಗಿ ಮಂಡಿ ತರಚಿಕೊಂಡು ಹುಲ್ಲಿನಲ್ಲಿ ಹುಡುಕುತ್ತಲೇ ಇರುತ್ತಾರೆ. ನಾನು ಎರಡನೆಯದನ್ನೇ ಆರಿಸಿಕೊಂಡೆ. "ಆ ಗೋಲ್ ಪೋಸ್ಟ್ ಹತ್ರಾನೂ ನೋಡಿ" ಎಂದು ಹೇಳಿದೆ ಕೂಡ. ಅವರು ಅತ್ತ ತಿರುಗಿದರು, ಮಗಳೂ ತಿರುಗಿದಳು. ಒಬ್ಬ ಹುಡುಗಿ, "ಸಿಗ್ತದೆ ಮೇಡಂ, ಹೆದರ್ಬೇಡಿ, ನಮ್ಮಮ್ಮಂದೂ ಹಿಂಗೇ ಬಿದ್ದು ಸಿಕ್ಕಿತ್ತು" ಎಂದು ನನಗೆ ಧೈರ್ಯ ಹೇಳಿದಳು. ಅವಳ ಮುಖ ನೋಡಲಾಗಲಿಲ್ಲ.

ಅವಳೇ ಸ್ವಲ್ಪ ಹೊತ್ತಿನಲ್ಲಿ ಬೆನ್ನು ನೇರ ಮಾಡಿ ಕೂತು, ಬೆವರೊರೆಸಿಕೊಳ್ಳುತ್ತ ನನ್ನತ್ತ ನೋಡಿದಳು. ನೋಡುತ್ತಲೇ ಉಳಿದಳು.

"ಮೇಡಂ, ಎರಡೂ ಓಲೆ ಕಿವೀಲೇ ಇದಾವಲ್ಲ."

ಸಾಲು ನಿಂತಿತು. ಎಲ್ಲರ ಕಣ್ಣೂ ನನ್ನ ಕಿವಿಯ ಮೇಲೆ. ನನ್ನ ಕೈ ತಾನಾಗಿ ಕಿವಿಗೆ ಹೋಯಿತು, ಈಗಷ್ಟೇ ಗೊತ್ತಾದವಳ ಹಾಗೆ ನಟಿಸಲು. ಅಷ್ಟರಲ್ಲಿ ಮುಖವೇ ಎಲ್ಲವನ್ನೂ ಹೇಳಿಬಿಟ್ಟಿತ್ತೆಂದು ಕಾಣುತ್ತದೆ. ಮೈದಾನದ ಆಚೆ ಬಸ್ಸು ಹೋದ ಸದ್ದಾಯಿತು. ನಾನು ಹುಲ್ಲಿನ ಮೇಲೆ ಕುಕ್ಕರಿಸಿದೆ.

"ಓಲೆ ಬಿದ್ದಿರ್ಲಿಲ್ಲ" ಎಂದೆ. "ಪುಟ್ಟಿಗೆ ಹುಲ್ಲು ಮುಟ್ಟಕ್ಕೆ ಆಗಲ್ಲ. ಹಾರಕ್ಕೂ ಬರಲ್ಲ. ಅವಳಿಗೆ ಅಂಬೆಗಾಲು ಕಲಿಸ್ಬೇಕು ಅಂತ ಹೇಳಿದಾರೆ, ಅದಕ್ಕೆ ನಾನು ಮಾಡಿ ತೋರಿಸ್ತಿದ್ದೆ. ನೀವು ಬಂದ್ರಿ. ನಂಗೆ ನಾಚ್ಗೆ ಆಯ್ತು."

ಇದು ನಾನು ಮನೆಯವರಿಗೆ ಮತ್ತು ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳದ ಮಾತು. ನನ್ನ ದೊಡ್ಡಮ್ಮನಿಗೆ ಹೇಳಿರಲಿಲ್ಲ, ಸಹೋದ್ಯೋಗಿಗಳಿಗೆ ಹೇಳಿರಲಿಲ್ಲ. ಹೈಸ್ಕೂಲಿನ ಹುಡುಗಿಯರಿಗೆ, ಅದೂ ಸುಳ್ಳಿನಲ್ಲಿ ಸಿಕ್ಕಿಬಿದ್ದ ಮೇಲೆ, ಹೇಳಿದೆ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನಗುತ್ತಾರೆ ಎಂದುಕೊಂಡೆ. ಯಾರೋ ಒಬ್ಬಳು ಕಿಸಕ್ಕೆಂದಳು, ಪಕ್ಕದವಳು ಅವಳ ತೊಡೆ ಚಿವುಟಿದಳು. ಮಗಳು ಮಾತ್ರ ಇದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಹುಲ್ಲಿನೊಳಗೆ ಬಗ್ಗಿ, "ಎಲ್ಲಿದೆ ಓಲೆ? ನಂಗೆ ಕಾಣ್ತಿಲ್ಲ" ಎನ್ನುತ್ತಿದ್ದಳು.

ಕ್ಯಾಪ್ಟನ್ ಅವಳ ಕಡೆ ನೋಡಿ, ನನ್ನ ಕಡೆ ನೋಡಿ, "ಹಂಗಾರೆ ನಾಳೆನೂ ಹುಡುಕಣ ಮೇಡಂ" ಎಂದಳು. "ನಾಳೆ ಎಂತ ಕಳ್ದಿದೆ ಅಂತ ಹೇಳ್ಬೇಕು?"

"ಬಳೆ ಅಂತ ಹೇಳೋಣ ಕಣೇ" ಎಂದಳು ಇನ್ನೊಬ್ಬಳು. ಆಗ ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ, ಅಳು ಬಂತು. ಅವರ ಮುಂದೆ ಅತ್ತದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಆಮೇಲೆ ಪ್ರತಿದಿನ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ನನ್ನ ಗಂಡ ಮಗಳನ್ನು ಮೈದಾನಕ್ಕೆ ತಂದು ಬಿಡುತ್ತಿದ್ದರು. ಏನಾದರೊಂದು ಕಳೆದಿರುತ್ತಿತ್ತು. ಬಳೆ, ಕೀಲಿಕೈ, ಒಮ್ಮೆ ಹೆಡ್‌ಮಾಸ್ಟರ ಕನ್ನಡಕ. ನಾನೂ ಅವರೊಡನೆ ತೆವಳುತ್ತಿದ್ದೆ. ರಸ್ತೆಯಲ್ಲಿ ಹೋಗುವವರು ಬೇಲಿಯಾಚೆ ನಿಂತು ನೋಡಿದರೆ ಪ್ರತಿಸಲವೂ ಬೆನ್ನು ಕಾವೇರುತ್ತಿತ್ತು. ರೂಢಿಯಾಯಿತು ಎಂದು ಹೇಳಿದರೆ ಸುಳ್ಳಾದೀತು. ಆದರೂ ಏಳಲಿಲ್ಲ.

ಸಾಗರಕ್ಕೆ ಮುಂದಿನ ಸಲ ಹೋದಾಗ ಥೆರಪಿಸ್ಟ್‌ಗೆ, ನಾನು ಕನ್ನಡ ಟೀಚರ್ ಅಲ್ಲ ಎಂದೆ.

"ಗೊತ್ತು ಮೇಡಂ" ಎಂದರು. "ನಮ್ಮಕ್ಕನ ಮಗಳು ಓದೋದು ನಿಮ್ಮ ಶಾಲೇಲೇ. ಮೊದಲನೇ ವಾರವೇ ಗೊತ್ತಾಯ್ತು."

"ಮತ್ತೆ ಹೇಳ್ಲೇ ಇಲ್ಲ ನೀವು?"

"ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ."

ಅಷ್ಟು ವಾರ ನಾನು ಏನೂ ಅರಿಯದವಳಂತೆ ತಲೆಯಾಡಿಸಿದ್ದನ್ನೆಲ್ಲ ಅವರು ನೋಡುತ್ತ ಕೂತಿದ್ದರು. ಅವತ್ತು ಜೋಲಿ ತೂಗುವ ಸರದಿ ನನ್ನದೇ ಆಗಿತ್ತು. ತಲೆ ತಗ್ಗಿಸಿಕೊಂಡು ತೂಗಿದೆ.

ಮಗಳು ಹಾರಿದ್ದು ಮರುವರ್ಷ ಬೇಸಿಗೆಯಲ್ಲಿ. ಥೆರಪಿ ಮುಗಿಸಿ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದೆವು. ಅಲ್ಲಿ ಕಾಯುವ ಕಟ್ಟೆಯ ಅಂಚು ನೆಲದಿಂದ ಒಂದು ಗೇಣು ಎತ್ತರ. ನಾನು ಚೀಲದಲ್ಲಿ ನೀರಿನ ಬಾಟಲಿ ಹುಡುಕುತ್ತಿದ್ದೆ. ಅವಳು ಅಂಚಿಗೆ ಹೋಗಿ ನಿಂತು, ಮಂಡಿ ಬಗ್ಗಿಸಿ, ಕೈ ಹಿಂದಕ್ಕೆ ಬೀಸಿ, ಎರಡೂ ಕಾಲು ಎತ್ತಿ ಕೆಳಗೆ ಹಾರಿದಳು. ಚಪ್ಪಲಿ ಟಪ್ ಎಂದಿತು. ಮುಂದಕ್ಕೆ ವಾಲಿದಳು, ಬೀಳಲಿಲ್ಲ. ನಾನು ಕಂಡದ್ದು ಅರ್ಧ, ಕೇಳಿದ್ದು ಅರ್ಧ.

"ಇನ್ನೊಂದ್ಸಲ ಹಾರು ಪುಟ್ಟಿ" ಎಂದೆ.

"ಸಾಕು" ಎಂದಳು.

ನಾನು ಸುತ್ತ ನೋಡಿದೆ. ಯಾರಾದರೂ ನೋಡಿದರೇ ಎಂದು. ಒಬ್ಬಾತ ಪೇಪರ್ ಓದುತ್ತಿದ್ದ, ಇಬ್ಬರು ಮೊಬೈಲಿನಲ್ಲಿದ್ದರು. ಯಾರೂ ನೋಡಿರಲಿಲ್ಲ. ನನಗೆ ಸಿಟ್ಟು ಬಂತು. ಅಷ್ಟು ದಿನ ಯಾರೂ ನೋಡದಿರಲಿ ಎಂದು ಮುಚ್ಚಿಕೊಂಡು ತಿರುಗಿದವಳಿಗೆ, ಈಗ ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡಬೇಕಿತ್ತು. ಸೋದರಮಾವನನ್ನು ಅಲ್ಲಿ ತಂದು ನಿಲ್ಲಿಸಬೇಕಿತ್ತು. ಮಗಳು ಹಾರಿದ ಸಂತೋಷದಲ್ಲಿ ಇಷ್ಟು ಪಾಲು ಇದೇ ಇತ್ತಲ್ಲ ಎಂದು ಬಸ್ಸು ಹತ್ತಿ ಕೂತ ಮೇಲೆ ಹೊಳೆದು, ಮೈ ಹಿಡಿಯಾಯಿತು.

ಬಸ್ಸಿನಿಂದಲೇ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಪುಟ್ಟಿ ಹಾರಿದ್ಲು."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ, "ನಾನು ಎತ್ಕೊಂಡೇ ತಿರುಗ್ದೆ ಇದ್ದಿದ್ರೆ ಆವಾಗ್ಲೇ ಹಾರ್ತಿತ್ತೇನೋ ಮಗು" ಎಂದರು. ಒಂದು ವರ್ಷದಿಂದ ಅವರು ಆ ಮಾತನ್ನು ಇಟ್ಟುಕೊಂಡು ಕೂತಿದ್ದರೆಂದು ನನಗೆ ಆಗ ತಿಳಿಯಿತು. ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಮಗುವನ್ನು ನಡುವೆ ಇಟ್ಟುಕೊಂಡು, ಬೇರೆ ಬೇರೆಯಾಗಿ ತಲೆ ತಗ್ಗಿಸಿಕೊಂಡು ಓಡಾಡಿದ್ದೆವು.

"ಅಲ್ಲ ಅತ್ತೆ. ಥೆರಪಿ ಮೇಡಂ ಮೊದಲ್ನೇ ದಿನಾನೇ ಹೇಳಿದ್ರು, ನಿಮ್ಮಿಂದ ಅಂತ ಅಲ್ಲ ಅಂತ."

"ಹಂಗಾದ್ರೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

ಹೌದು, ಹೇಳಿರಲಿಲ್ಲ. ಮರೆತೆನೋ, ತಪ್ಪು ಅವರ ಕಡೆ ಇದ್ದರೆ ನನಗೆ ಹಗುರವೆಂದು ಸುಮ್ಮನಿದ್ದೆನೋ, ಈಗಲೂ ಖಚಿತವಾಗಿ ಹೇಳಲಾರೆ. "ತಪ್ಪಾಯ್ತು ಅತ್ತೆ" ಎಂದೆ. "ಇರ್ಲಿ ಬಿಡು" ಎಂದರು. "ಮಗೂಗೆ ಹಸಿವಾಗಿರ್ತದೆ, ಬಾಳೆಹಣ್ಣು ಕೊಡು."

ಈಗ ಅವಳು ಎಲ್‌ಕೆಜಿಯಲ್ಲಿದ್ದಾಳೆ. ಮೆಟ್ಟಿಲನ್ನು ಎರಡೂ ಕಾಲು ಬದಲಿಸುತ್ತ ಹತ್ತುತ್ತಾಳೆ, ಹಿಟ್ಟು ಕಲಸುತ್ತಾಳೆ. ಉಯ್ಯಾಲೆ ಇಂದಿಗೂ ಬೇಡ. ಕಲಸನ್ನ ಚಮಚದಲ್ಲೇ ಆಗಬೇಕು. ಪೆನ್ಸಿಲ್ ಹಿಡಿಯುವಾಗ ಬೆರಳು ಬೆಳ್ಳಗಾಗುವಷ್ಟು ಒತ್ತುತ್ತಾಳೆ, ಅದಕ್ಕೆ ಸಾಗರದಲ್ಲಿ ಬೇರೆ ಆಟಗಳು ನಡೆಯುತ್ತಿವೆ. ಮೊನ್ನೆ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳ ತರಗತಿಯ ಮಕ್ಕಳು ಚಿಟ್ಟೆಗಳಾಗಿ ಕುಣಿದರು. ಎಲ್ಲರೂ ಬಲಕ್ಕೆ ತಿರುಗಿದಾಗ ಅವಳು ಎಡಕ್ಕೆ. ಸ್ಪೀಕರಿನ ಸದ್ದು ಜೋರಾದಾಗ ರೆಕ್ಕೆ ಕಟ್ಟಿದ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ವೇದಿಕೆಯ ನಡುವೆ ನಿಂತುಬಿಟ್ಟಳು. ಹಾಡು ಮುಗಿಯುವವರೆಗೂ ಹಾಗೇ. ನನ್ನ ಪಕ್ಕದ ಸಾಲಿನಲ್ಲಿ ಯಾರೋ ನಕ್ಕರು. ಅದೇ ಹಳೆಯ ಬಿಸಿ ಕುತ್ತಿಗೆಯಿಂದ ಮೇಲೇರಿತು. ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದು, ಹಾಕಿ, ತೆಗೆದು ಮಾಡಿದೆ. ಇಷ್ಟೆಲ್ಲ ಆದ ಮೇಲೂ ಇದು ಹೋಗುವುದಿಲ್ಲವೇ ಎಂದುಕೊಂಡೆ.

ಪರದೆಯ ಹಿಂದಿನಿಂದ ಅವಳು ಓಡುತ್ತ ಬಂದಳು. ಒಂದು ರೆಕ್ಕೆ ಕಳಚಿ ಜೋತಾಡುತ್ತಿತ್ತು.

"ಅಮ್ಮಾ, ಹಾಡು ಬಾಳ ಜೋರಿತ್ತು."

"ಹೌದು ಪುಟ್ಟಿ, ಜೋರೇ ಇತ್ತು."

"ನಂಗೆ ಹಸಿವು."

ಹೊರಗೆ ಗಾಡಿಯಲ್ಲಿ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ. ಅವಳು ಖಾರ ತಿನ್ನುವುದಿಲ್ಲ. ಮಂಡಕ್ಕಿಯ ಪೊಟ್ಟಣ ಕೊಡಿಸಿದೆ. ಮೆಟ್ಟಿಲ ಮೇಲೆ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಎತ್ತಿ ತಿಂದಳು. ಕೈಗೆ ಎಣ್ಣೆ ಹತ್ತಿದಾಗ ನನ್ನ ಸೀರೆಗೆ ಒರೆಸಿದಳು, ಮತ್ತೆ ತಿಂದಳು.